ಕ್ರಾಸಿನಲ್ಲಿ ನಿಂತವರ ಚರಿತ್ರೆ

ನನ್ನ ತಂಗಿ ತಿಪಟೂರಿನಲ್ಲಿ ಬಿ.ಎಸ್ಸಿ. ಮುಗಿಸಿದಳು. ಅವಳಿಗೆ ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡುವ ಆಸೆ. ಒಂದು ರಾತ್ರಿ ಉಣ್ಣುವಾಗ ತುಮಕೂರು ವಿಶ್ವವಿದ್ಯಾಲಯದ ಹೆಸರು ತೆಗೆದಳು. ಒಲೆ ಮುಂದೆ ಕೂತಿದ್ದ ನಮ್ಮವ್ವ ಅದು ಎಂಥ ಓದು, ಎಷ್ಟು ವರ್ಷ, ಮುಗಿದ ಮೇಲೆ ಏನು ಕೆಲಸ ಅಂತ ಒಂದನ್ನೂ ಕೇಳಲಿಲ್ಲ. "ಬಸ್ಸು ಎಷ್ಟೊತ್ಗೆ ಕಣವ್ವ? ತಿರುಗಿ ಬರೋದು ಎಷ್ಟೊತ್ತಾಯ್ತದೆ?" ಅಂದಳು, ಅಷ್ಟೆ.

ಅಕ್ಷರ ಬಾರದ ಹೆಂಗಸು ಇನ್ನೇನು ಕೇಳಿಯಾಳು ಅಂತ ನಗುವವರು ಇರಬಹುದು. ನಾನು ನಗಲಾರೆ. ಕೆಲವು ವರ್ಷದ ಹಿಂದೆ ನನಗೂ ಇದೇ ಪ್ರಶ್ನೆ ಹಾಕಿದ್ದಳು. ಅದಕ್ಕೆ ನಾನು ಕೊಟ್ಟ ಉತ್ತರದ ಪ್ರಕಾರವೇ ನನ್ನ ಓದು ನಡೆಯಿತು. ದೊಡ್ಡ ಮನೆಗಳ ಹುಡುಗರು ವಿಶ್ವವಿದ್ಯಾಲಯ ಆರಿಸುವಾಗ ಪ್ರಾಧ್ಯಾಪಕರ ಹೆಸರು, ಪ್ರಯೋಗಶಾಲೆ, ಗ್ರಂಥಾಲಯ ನೋಡುತ್ತಾರೆ. ನಮ್ಮ ಕೇರಿಯವರು ಬಸ್ಸಿನ ಹೊತ್ತು ನೋಡುತ್ತೇವೆ. ಹೊತ್ತಿಗೆ ಸಿಕ್ಕುವ ಬಸ್ಸು ಯಾವ ಕಾಲೇಜಿನ ಮುಂದೆ ಇಳಿಸುತ್ತದೋ ಆ ಕಾಲೇಜಿನಲ್ಲಿ ಇರುವ ವಿಷಯವೇ ನಮಗೆ ಆಸಕ್ತಿಯ ವಿಷಯ. ಈ ಲೆಕ್ಕ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ರಸ್ತೆ ಎಲ್ಲಿ ಹೋಯಿತು, ರೈಲು ಎಲ್ಲಿ ನಿಂತಿತು, ಕಾಲೇಜು ಯಾರ ಊರಲ್ಲಿ ಎದ್ದಿತು, ಹಾಸ್ಟೆಲ್ ಯಾರು ಕಟ್ಟಿಸಿದರು ಅನ್ನುವ ಒಂದು ಚರಿತ್ರೆ ಅದರ ಬೆನ್ನಿಗಿದೆ. ಅರಸರ ದಂಡಯಾತ್ರೆ ಬರೆದವರಿಗೆ ಇದನ್ನು ಬರೆಯಲು ಪುರುಸೊತ್ತಾಗಲಿಲ್ಲ. ನನಗೆ ಗೊತ್ತಿರುವಷ್ಟು ನಾನು ಬರೆಯುತ್ತೇನೆ.

ಮೊದಲು ನಮ್ಮ ಸೀಮೆ ಹೇಗಿದೆ ಹೇಳಬೇಕು. ಕೆ.ಬಿ. ಕ್ರಾಸ್ ಅಂದರೆ ಕಿಬ್ಬನಹಳ್ಳಿ ಕ್ರಾಸ್. ತುಮಕೂರಿನಿಂದ ಗುಬ್ಬಿ, ನಿಟ್ಟೂರು ದಾಟಿ ತಿಪಟೂರು, ಅರಸೀಕೆರೆ ಕಡೆ ಹೋಗುವ ಬಿ.ಎಚ್. ರಸ್ತೆಗೆ ಇಲ್ಲಿ ಇನ್ನೊಂದು ರಸ್ತೆ ಅಡ್ಡ ಬರುತ್ತದೆ. ಬಡಗಲಿಗೆ ಹೋದರೆ ಚಿಕ್ಕನಾಯಕನಹಳ್ಳಿ, ಹುಳಿಯಾರು. ತೆಂಕಲಿಗೆ ಹೋದರೆ ತುರುವೇಕೆರೆ, ಮಾಯಸಂದ್ರ, ಆಮೇಲೆ ನಾಗಮಂಗಲ. ತಿಪಟೂರು ಇಲ್ಲಿಂದ ಹತ್ತಿರ. ತುಮಕೂರು ಸುಮಾರು 60 ಕಿಲೋಮೀಟರು. ಎತ್ತ ಕತ್ತೆತ್ತಿದರೂ ತೆಂಗು. ಮೂರು ತಾಲ್ಲೂಕಿನ ಓದುವ ಮಕ್ಕಳು ಬೆಳಗ್ಗೆ ಒಂದು ಬಸ್ಸು ಇಳಿದು ಇನ್ನೊಂದಕ್ಕೆ ಕಾಯುವುದು ಇಲ್ಲೇ. ನಮ್ಮೂರು ತುರುವೇಕೆರೆ ತಾಲ್ಲೂಕಿನ ಅಂಚಿನಲ್ಲಿದೆ, ಕ್ರಾಸಿಗೆ ಐದು ಮೈಲಿ. ಎಂ.ಎ. ಓದುವಾಗ ಎರಡು ವರ್ಷ ನಾನು ಆ ಕ್ರಾಸಿನಲ್ಲಿ ನಿಂತಿದ್ದೇನೆ.

ತುರುವೇಕೆರೆಗೆ ಹೋದವರು ಅಲ್ಲಿಯ ಚೆನ್ನಕೇಶವ ದೇವಸ್ಥಾನ ನೋಡಿರುತ್ತೀರಿ. ಹೊಯ್ಸಳರ ದಂಡನಾಯಕ ಸೋಮಣ್ಣ 13ನೇ ಶತಮಾನದಲ್ಲಿ ಕಟ್ಟಿಸಿದ್ದು. ಆಗ ಆ ಊರು ಅಗ್ರಹಾರ. ಅಗ್ರಹಾರ ಅಂದರೆ ಆ ಕಾಲದ ವಿದ್ಯಾಪೀಠ. ಓದುವವರಿಗೆ ಭೂಮಿ, ಊಟ, ಮನೆ ಎಲ್ಲವನ್ನೂ ಬಿಟ್ಟುಕೊಟ್ಟ ಜಾಗ. ಆ ಭೂಮಿಯಲ್ಲಿ ಗೇಯ್ದವರು ಊರ ಹೊರಗೆ ಇದ್ದರು. ಅವರ ಗುಡಿಸಲಿಗೂ ಆ ವಿದ್ಯಾಪೀಠಕ್ಕೂ ಒಂದು ಕೂಗಳತೆ ದೂರ. ಬಸ್ಸು ಬೇಕಿರಲಿಲ್ಲ, ಎತ್ತಿನ ಗಾಡಿಯೂ ಬೇಕಿರಲಿಲ್ಲ. ಆದರೂ ಏಳುನೂರು ವರ್ಷ ಅವರ ಮಕ್ಕಳು ತಲುಪಲಿಲ್ಲ. ದೂರವನ್ನು ಕಿಲೋಮೀಟರಿನಲ್ಲಿ ಮಾತ್ರ ಅಳೆಯುವ ಅಧಿಕಾರಿಗಳು ಈ ಕೂಗಳತೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆಮೇಲೆ ರೈಲು ಬಂತು. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಹಿಡಿದ ಬರದಲ್ಲಿ ಲಕ್ಷಾಂತರ ಜನ ಸತ್ತರು. ಬರದ ಬೆನ್ನಿಗೇ ಕಂಬಿ ಹಾಸುವ ಕೆಲಸ ಚುರುಕಾಯಿತು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿನ ಮೇಲೆ ಗುಬ್ಬಿವರೆಗೆ ರೈಲು ಓಡಿತು. 1889ರ ಹೊತ್ತಿಗೆ ತಿಪಟೂರು, ಅರಸೀಕೆರೆ, ಬೀರೂರು ದಾಟಿ ಹರಿಹರ ಮುಟ್ಟಿತು. ನಮ್ಮ ಮೂರು ತಾಲ್ಲೂಕು ಪೇಟೆಗಳಲ್ಲಿ ಕಂಬಿ ಮುಟ್ಟಿದ್ದು ತಿಪಟೂರನ್ನು ಮಾತ್ರ. ತುರುವೇಕೆರೆ ಪೇಟೆಯನ್ನು ತೆಂಕಲಿಗೂ, ಕಂಬಳಿ ನೇಯುವವರ ಚಿಕ್ಕನಾಯಕನಹಳ್ಳಿಯನ್ನು ಬಡಗಲಿಗೂ ಬಿಟ್ಟು ನಡುವೆ ನುಸುಳಿಕೊಂಡು ಹೋಯಿತು. ತುರುವೇಕೆರೆಯವರು ರೈಲು ಹತ್ತಬೇಕಾದರೆ ಬಾಣಸಂದ್ರಕ್ಕೆ ಬರಬೇಕು. ಆ ಎರಡು ಪೇಟೆಗಳಿಗೂ ರೈಲು ಬರಲೇ ಇಲ್ಲ.

ತಿಪಟೂರು ದೇಶಕ್ಕೇ ಹೆಸರಾದ ಕೊಬ್ಬರಿ ಪೇಟೆ ಆದದ್ದರಲ್ಲಿ ಈ ಕಂಬಿಯ ಪಾಲು ದೊಡ್ಡದು. ನಮ್ಮ ಕಡೆಯ ಉಂಡೆ ಕೊಬ್ಬರಿ ಆಗುವ ಬಗೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕುತ್ತಾರೆ. ಹತ್ತು ಹನ್ನೊಂದು ತಿಂಗಳು ಅಲ್ಲೇ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಒಳಗೇ ಗಡಗಡ ಅನ್ನುತ್ತದೆ. ಆಮೇಲೆ ಸುಲಿದು, ಚಿಪ್ಪು ಒಡೆದು, ಉಂಡೆ ತೆಗೆದು ಚೀಲ ತುಂಬುತ್ತಾರೆ. ಒಂದು ವರ್ಷ ಕಾಯಲು ಅಟ್ಟ ಇರಬೇಕು, ಅಟ್ಟಕ್ಕೆ ಮನೆ ಇರಬೇಕು, ಕಾಯಿಗೆ ತೋಟ ಇರಬೇಕು. ನಮ್ಮಪ್ಪನಿಗೆ ಇದ್ದದ್ದು ಸುಲಿಯುವ ಎರಡು ರಟ್ಟೆ. ಸಾವಿರ ಕಾಯಿಗೆ ಇಷ್ಟು ಅಂತ ಕೂಲಿ. ತೋಟದವರ ಮಕ್ಕಳಿಗೆ ಅಟ್ಟದಲ್ಲಿ ಫೀಜು ಒಣಗುತ್ತಿರುತ್ತದೆ, ನಮಗೆ ವಾರದ ಕೂಲಿಯಲ್ಲಿ ಬಸ್‌ಚಾರ್ಜು ಹುಟ್ಟಬೇಕು.

ಹಾಗಂತ ಅಟ್ಟ ಇರುವವರೆಲ್ಲ ಸುಖಿಗಳು ಅಂತಲ್ಲ. 2023ರಲ್ಲಿ ಉಂಡೆ ಕೊಬ್ಬರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇತ್ತು, ಪೇಟೆ ಬೆಲೆ ಅದಕ್ಕಿಂತ ಬಹಳ ಕೆಳಕ್ಕೆ ಬಿತ್ತು. ರೈತರು ತಿಪಟೂರಿನಲ್ಲಿ ಧರಣಿ ಕೂತರು. ಆ ವರ್ಷ ಬೆಂಗಳೂರಿನ ರೂಮು ಬಿಟ್ಟು ಬಂದು ಕ್ರಾಸಿನಲ್ಲಿ ನಮ್ಮ ಜೊತೆ ನಿಂತ ಸಣ್ಣ ತೋಟದವರ ಮಕ್ಕಳನ್ನು ನಾನೇ ಕಂಡಿದ್ದೇನೆ. ಬೆಲೆ ಏರಿದಾಗ ಅವರು ಮತ್ತೆ ಹೋದರು. ನಾವು ಅಲ್ಲೇ ಇದ್ದೆವು.

ಪೇಟೆ ಬೆಳೆದ ಕಡೆ ಕಾಲೇಜು ಬೆಳೆಯಿತು. ತಿಪಟೂರಿನಲ್ಲಿ ಕಲ್ಪತರು ವಿದ್ಯಾಸಂಸ್ಥೆಯ ಕಾಲೇಜುಗಳು ಎದ್ದವು, 1986ರಲ್ಲಿ ಇಂಜಿನಿಯರಿಂಗ್ ಕಾಲೇಜೂ ಬಂತು. ಹೆಸರಿನಲ್ಲೇ ತೆಂಗು ಇದೆ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ತಿಪಟೂರಿಗೂ ತುರುವೇಕೆರೆಗೂ ಚಿಕ್ಕನಾಯಕನಹಳ್ಳಿಗೂ ಬಂದವು. ತಾಲ್ಲೂಕಿನಲ್ಲಿ ಡಿಗ್ರಿ ಕಾಲೇಜು ಬಾರದೆ ಹೋಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ, ಕಾಯಿ ಸುಲಿಯುತ್ತಿದ್ದೆ. ಆದರೆ ಡಿಗ್ರಿ ದಾಟಿದ ಓದು ಬೇಕೆಂದರೆ ದಾರಿ ಮತ್ತೆ ಉದ್ದವಾಗುತ್ತದೆ.

ವಿಶ್ವವಿದ್ಯಾಲಯದ ಮಾತಿಗೆ ಬರುವ ಮುಂಚೆ ಗಾಡಿಯ ಮಾತು ಮುಗಿಸಬೇಕು. 1901ರಲ್ಲಿ ಬಾಬಾಸಾಹೇಬರು ಇನ್ನೂ ಹತ್ತು ವರ್ಷದ ಹುಡುಗ. ಅಪ್ಪ ಕೋರೆಗಾಂವ್‌ನಲ್ಲಿ ಕೆಲಸದಲ್ಲಿದ್ದರು. ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಸಾತಾರಾದಿಂದ ರೈಲಿನಲ್ಲಿ ಮಸೂರ್ ನಿಲ್ದಾಣಕ್ಕೆ ಬಂದು ಇಳಿದರು. ಕರೆದೊಯ್ಯಲು ಬರಬೇಕಾದವರು ಬಂದಿರಲಿಲ್ಲ. ಮಕ್ಕಳು ಮಹಾರರು ಅಂತ ಗೊತ್ತಾದ ಮೇಲೆ ಒಬ್ಬ ಗಾಡಿಯವನೂ ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಗಾಡಿಯನ್ನು ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ ಅಂತ ತೀರ್ಮಾನವಾಯಿತು. ದಾರಿಯುದ್ದಕ್ಕೂ ಕುಡಿಯಲು ನೀರು ಸಿಗಲಿಲ್ಲ. 1929ರಲ್ಲಿ, ಅಮೆರಿಕ, ಇಂಗ್ಲೆಂಡಿನ ಡಾಕ್ಟರೇಟು ಪಡೆದು ಬಂದ ಮೇಲೂ, ಚಾಳೀಸ್‌ಗಾಂವ್‌ನಲ್ಲಿ ಟಾಂಗಾದವರು ಅವರನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಒಪ್ಪಲಿಲ್ಲ. ಗಾಡಿ ಹೊಡೆದು ಅಭ್ಯಾಸವಿಲ್ಲದ ನಮ್ಮವನೇ ಒಬ್ಬ ಲಗಾಮು ಹಿಡಿದ. ಟಾಂಗಾ ಅಪಘಾತಕ್ಕೆ ಸಿಕ್ಕಿ ಬಾಬಾಸಾಹೇಬರ ಕಾಲು ಮುರಿಯಿತು. ಈ ಎರಡನ್ನೂ ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ.

ಇದನ್ನು ಓದಿದವರಿಗೆ ಸರ್ಕಾರಿ ಬಸ್ಸು ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರ 120 ಬಸ್ಸುಗಳನ್ನು ಇಟ್ಟುಕೊಂಡು ತನ್ನದೇ ರಸ್ತೆ ಸಾರಿಗೆ ಇಲಾಖೆ ಶುರು ಮಾಡಿತು. 1961ರಲ್ಲಿ ಅದು ನಿಗಮವಾಯಿತು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಸಾರ್ವಜನಿಕ ವಾಹನದಲ್ಲಿ ತಡೆಯುವುದನ್ನು ಅಪರಾಧ ಮಾಡಿತು. ಕಾಸು ಕೊಟ್ಟವನಿಗೆಲ್ಲ ಒಂದೇ ಬಣ್ಣದ ಟಿಕೆಟ್ಟು. ಬಸ್ಸು ಜಾತಿ ಕಲೆಸಿತು ಅಂತ ನಮ್ಮ ಹಿರಿಯ ಲೇಖಕರು ಹೇಳುತ್ತಾರಲ್ಲ, ಅದು ಸುಳ್ಳಲ್ಲ.

ಆದರೆ ನಮ್ಮ ತಾತ ಹೇಳುತ್ತಿದ್ದುದು ಬೇರೆ. 1950ರ ದಶಕದಲ್ಲಿ ಒಮ್ಮೆ ಸಂತೆಗೆ ಅಂತ ಬಸ್ಸು ಹತ್ತಿ ಸೀಟಿನಲ್ಲಿ ಕೂತಿದ್ದರಂತೆ. ಮುಂದಿನ ಸ್ಟಾಪಿನಲ್ಲಿ ನಮ್ಮೂರ ಪಟೇಲರ ಮನೆಯವರು ಹತ್ತಿದರು. "ಏಳು ಅಂತ ಯಾರೂ ಅನ್ನಲಿಲ್ಲ ಕಣ್ಲಾ. ನನ್ನ ಕಾಲೇ ಎದ್ದುಬಿಟ್ಟೊ" ಅನ್ನುತ್ತಿದ್ದರು. ತಿಪಟೂರುವರೆಗೆ ನಿಂತೇ ಹೋದರು. ಕೈಯಲ್ಲಿ ಟಿಕೆಟ್ಟಿತ್ತು. ಕಾಯ್ದೆ ಬಸ್ಸಿನ ಬಾಗಿಲು ತೆಗೆಯಿತು, ಆ ಕಾಲುಗಳಿಗೆ ಕೂರುವುದನ್ನು ಕಲಿಸಲು ಇನ್ನೂ ಎರಡು ತಲೆಮಾರು ಹಿಡಿಯಿತು. ನಾನು ಕೂತೆ. ಜಾಗ ಸಿಕ್ಕ ದಿನ ಕೂತೆ ಅನ್ನಬೇಕು.

ಈಗ ವಿಶ್ವವಿದ್ಯಾಲಯ. ಮೈಸೂರು ವಿಶ್ವವಿದ್ಯಾಲಯ ಹುಟ್ಟಿದ್ದು 1916ರ ಜುಲೈನಲ್ಲಿ. ಅದಕ್ಕೆ ಮುಂಚೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರೂ ಪರೀಕ್ಷೆ, ಪದವಿ ಎಲ್ಲ ಮದರಾಸು ವಿಶ್ವವಿದ್ಯಾಲಯದ್ದು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯ ಆಯಿತು. ನಮ್ಮ ಜಿಲ್ಲೆಯ ಕಾಲೇಜುಗಳು ಅದರ ಕೆಳಗೆ ಇದ್ದವು. ಜಿಲ್ಲೆಗೇ ಒಂದು ವಿಶ್ವವಿದ್ಯಾಲಯ ಬಂದದ್ದು 2004ರಲ್ಲಿ. ಅಂದರೆ ಸ್ವಾತಂತ್ರ್ಯ ಬಂದು ಐವತ್ತೇಳು ವರ್ಷದ ತನಕ ನಮ್ಮ ಸೀಮೆಯ ಹುಡುಗ ಎಂ.ಎ. ಓದಬೇಕು ಅಂದರೆ ಬೆಂಗಳೂರಿಗೋ ಮೈಸೂರಿಗೋ ಗಂಟು ಕಟ್ಟಬೇಕಿತ್ತು. ತಿಪಟೂರಿನಿಂದ ಬೆಂಗಳೂರು ಸುಮಾರು 140 ಕಿಲೋಮೀಟರು. ದಿನಾ ಹೋಗಿ ಬರುವ ಮಾತೇ ಇಲ್ಲ. ಹೋದವನು ಅಲ್ಲೇ ಇರಬೇಕು. ಇರುವುದೆಲ್ಲಿ? ಬಾಡಿಗೆ ಮನೆಯವರು ಮೊದಲು ಕೇಳುವುದು ಜಾತಿ.

ಹಾಗಾಗಿ ನಮ್ಮವರಲ್ಲಿ ಮೊದಲು ಓದಿದವರ ಚರಿತ್ರೆ ಅಂದರೆ ಅದು ಹಾಸ್ಟೆಲಿನ ಚರಿತ್ರೆ. ಬೆಂಗಳೂರಿನಲ್ಲಿ ಗೋಪಾಲಸ್ವಾಮಿ ಅಯ್ಯರ್ ಹೆಸರಿನ ಹಾಸ್ಟೆಲ್ ಇತ್ತು. ಸಿದ್ಧಲಿಂಗಯ್ಯನವರು ಅಲ್ಲಿ ಇದ್ದು ಓದಿದವರು, 'ಊರುಕೇರಿ'ಯಲ್ಲಿ ಅದರ ಕಥೆ ಇದೆ. ತುಮಕೂರಿನ ಪಕ್ಕ ಸಿದ್ಧಗಂಗೆಯಲ್ಲಿ 2019ರಲ್ಲಿ ತೀರಿಕೊಂಡ ಶಿವಕುಮಾರ ಸ್ವಾಮೀಜಿಯವರ ಕಾಲದಲ್ಲಿ ಸಾವಿರಾರು ಬಡ ಮಕ್ಕಳು ಉಂಡು ಮಲಗಿ ಓದಿದರು. ದೇವರಾಜ ಅರಸರ ಸರ್ಕಾರ 1970ರ ದಶಕದಲ್ಲಿ ತಾಲ್ಲೂಕು ತಾಲ್ಲೂಕಿಗೆ ಹಾಸ್ಟೆಲ್ ಹೆಚ್ಚಿಸಿತು. ಅರಸರನ್ನು ಏನೇ ಟೀಕೆ ಮಾಡಿ, ಆ ಹಾಸ್ಟೆಲ್ಲುಗಳ ನೀರುಸಾರು ಕುಡಿದವರು ಅವರ ಹೆಸರು ಮರೆಯುವುದಿಲ್ಲ.

ನಮ್ಮ ಚಿಕ್ಕಪ್ಪ 1990ರ ಸುಮಾರಿಗೆ ತುಮಕೂರಿನ ಒಂದು ಹಾಸ್ಟೆಲಿನಲ್ಲಿದ್ದರು. ಮುದ್ದೆಯಲ್ಲಿ ಹುಳ, ಒಂದು ಕೋಣೆಗೆ ಹದಿನಾಲ್ಕು ಜನ, ಸ್ನಾನಕ್ಕೆ ಸಾಲು ಎಲ್ಲ ಹೇಳುತ್ತಾರೆ. ಹೇಳುತ್ತ ಹೇಳುತ್ತ ಅವರ ಮುಖ ಅರಳುತ್ತದೆ. ಯಾಕೆಂದರೆ ರಾತ್ರಿ ಎಂಟಕ್ಕೆ ಊಟ ಮುಗಿದ ಮೇಲೆ ಅಲ್ಲಿ ಇನ್ನೊಂದು ಕಾಲೇಜು ಶುರುವಾಗುತ್ತಿತ್ತು. ತಮಟೆ ಹಿಡಿದು ಹಾಡು ಕಟ್ಟುತ್ತಿದ್ದರು. ಅಂಬೇಡ್ಕರ್ ಬರಹವನ್ನು ಒಬ್ಬ ಓದುವುದು, ಮಿಕ್ಕವರು ಕೇಳುವುದು, ಆಮೇಲೆ ಜಗಳ. ಚಿಕ್ಕಪ್ಪ ಇಂಗ್ಲಿಷಿನ ಭಯ ಬಿಟ್ಟದ್ದು ಆ ಜಗಳದಲ್ಲಿ. ಬರೆಯಲು ಕಲಿತದ್ದು ಗೋಡೆಪತ್ರಿಕೆಯಲ್ಲಿ. ಸಂಘಟನೆ, ಚಳವಳಿ, ಕವಿತೆ ಅಂತ ನಾವು ಈ ಪುಟಗಳಲ್ಲಿ ಮಾತಾಡುತ್ತೇವಲ್ಲ, ಅದರಲ್ಲಿ ಬಹುಪಾಲು ಕಾಲೇಜು ಬಿಟ್ಟ ಮೇಲಿನ ಹೊತ್ತಿನಲ್ಲಿ, ಸಂಜೆ ಆರರಿಂದ ರಾತ್ರಿ ಹನ್ನೊಂದರ ಒಳಗೆ ಹುಟ್ಟಿದ್ದು.

ನನಗೆ ಆ ಹೊತ್ತು ಸಿಗಲಿಲ್ಲ. ಅದನ್ನೇ ನಾನು ಹೇಳಬೇಕಿರುವುದು.

2004ರಲ್ಲಿ ವಿಶ್ವವಿದ್ಯಾಲಯ ತುಮಕೂರಿಗೆ ಬಂದಾಗ ಎಲ್ಲರಿಗೂ ಖುಷಿ. ಖುಷಿ ಪಡುವಂಥದ್ದೇ. ನಮ್ಮ ಕೇರಿಯಿಂದ ಎಂ.ಎ. ಮಾಡಿದವರ ಸಂಖ್ಯೆ ಅದಾದ ಮೇಲೆಯೇ ಒಂದು ಕೈಬೆರಳು ದಾಟಿತು. ಆದರೆ ಬೆಂಗಳೂರಿನಷ್ಟು ದೂರ ಇದ್ದಾಗ ಮನೆಯವರು ಹಾಸ್ಟೆಲಿಗೆ ಕಳಿಸುತ್ತಿದ್ದರು, ಬೇರೆ ದಾರಿ ಇರಲಿಲ್ಲ. ತುಮಕೂರು ಅಂದ ಕೂಡಲೇ "ಹೋಗಿ ಬಂದು ಓದ್ಕೊ" ಅನ್ನುವುದು ಶುರುವಾಯಿತು. ಹತ್ತಿರವೂ ಅಲ್ಲ, ದೂರವೂ ಅಲ್ಲ. ಮನೆ ಬಿಡಿಸದಷ್ಟು ಹತ್ತಿರ, ಮೈ ಹಣ್ಣಾಗುವಷ್ಟು ದೂರ. ತಿಪಟೂರು ಪೇಟೆಯವರಿಗೆ ರೈಲು ಇದೆ, ಸೀಜನ್ ಟಿಕೆಟ್ ಇದೆ. ಮಿಕ್ಕ ಹಳ್ಳಿಯವರಿಗೆ ಬಸ್ಸೇ.

ನನ್ನ ದಿನ ಹೀಗಿತ್ತು. ಬೆಳಗ್ಗೆ ಐದಕ್ಕೆ ಏಳುವುದು. ಆರರ ಬಸ್ಸಿಗೆ ಕ್ರಾಸು. ಅಲ್ಲಿ ಅರ್ಧ ಗಂಟೆ, ಕೆಲವು ದಿನ ಒಂದು ಗಂಟೆ. ದೂರದ ಊರುಗಳಿಂದ ತುಂಬಿ ಬರುವ ಬಸ್ಸು ಪಾಸಿನ ಹುಡುಗರ ಗುಂಪು ಕಂಡರೆ ಅಷ್ಟು ದೂರ ಹೋಗಿ ನಿಲ್ಲುವುದು, ನಾವು ಓಡುವುದು. ಖಾಸಗಿ ಬಸ್ಸಿನಲ್ಲಿ ಪಾಸು ನಡೆಯುವುದಿಲ್ಲ. ತುಮಕೂರು ಮುಟ್ಟುವಾಗ ಒಂಬತ್ತು. ಸಂಜೆ ಊರಿನ ಕೊನೆ ಬಸ್ಸು ಕ್ರಾಸು ಬಿಡುವುದು ಏಳಕ್ಕೆ, ಹಾಗಾಗಿ ನಾಲ್ಕೂವರೆಗೆ ತುಮಕೂರು ಬಿಡಲೇಬೇಕು. ಕೆಟ್ಟ ದಿನ, ಒಳ್ಳೆ ದಿನ ಕೂಡಿ ಕಳೆದರೆ ದಿನಕ್ಕೆ ಐದು ಗಂಟೆ ರಸ್ತೆಯಲ್ಲಿ. ವರ್ಷಕ್ಕೆ ಇನ್ನೂರು ದಿನ ಅಂದುಕೊಳ್ಳಿ, ಎರಡು ವರ್ಷಕ್ಕೆ ಎರಡು ಸಾವಿರ ಗಂಟೆ. ಆ ಗಂಟೆಗಳಲ್ಲಿ ಓದಬಹುದಲ್ಲ ಅಂತ ಒಬ್ಬ ಮೇಷ್ಟರು ಕೇಳಿದರು. ಒಂದು ಕೈಯಲ್ಲಿ ಕಂಬಿ, ಇನ್ನೊಂದು ಕೈಯಲ್ಲಿ ಬ್ಯಾಗು, ಹೆಗಲ ಮೇಲೆ ಇನ್ನೊಬ್ಬರ ನಿದ್ದೆಗೆಟ್ಟ ತಲೆ. ಅವರು ಕಾರಿನಲ್ಲಿ ಬರುತ್ತಿದ್ದರು.

ಒಮ್ಮೆ ಕ್ರಾಸಿನಲ್ಲಿ ಮುಕ್ಕಾಲು ಗಂಟೆ ಬಸ್ಸು ಬಾರದೆ ಒಂದು ಆಂತರಿಕ ಪರೀಕ್ಷೆ ತಪ್ಪಿತು. "ದೂರದವರು ಹಾಸ್ಟೆಲ್ ಸೇರ್ಕೋಬೇಕಿತ್ತು" ಅಂದರು. ಹಾಸ್ಟೆಲಿಗೆ ನಾನೇ ಅರ್ಜಿ ಹಾಕಿರಲಿಲ್ಲ, ಅದು ನಿಜ. ಅಪ್ಪನಿಗೆ ಆ ವರ್ಷ ಮೊಣಕಾಲು ಹಿಡಿದಿತ್ತು, ಭಾನುವಾರ ಮತ್ತು ರಜೆಯ ದಿನ ಅವನ ಬದಲು ಕಾಯಿ ಸುಲಿಯಲು ನಾನು ಹೋಗಬೇಕಿತ್ತು. ದಿನಾ ಹೋಗಿ ಬರುವುದು ಬಡವರ ಸೋಮಾರಿತನ ಅಂತಲೋ ಊರಿನ ಮೋಹ ಅಂತಲೋ ತಿಳಿದವರು ಈ ಲೆಕ್ಕ ನೋಡಿಲ್ಲ. ಹಾಸ್ಟೆಲ್ ಊಟ ಕೊಡುತ್ತದೆ. ಮನೆಯಲ್ಲಿ ಕಮ್ಮಿಯಾದ ಎರಡು ಕೈಯನ್ನು ಅದು ಕೊಡುವುದಿಲ್ಲ.

ಸಂಜೆ ಐದಕ್ಕೆ ಗ್ರಂಥಾಲಯದಲ್ಲಿ ಹುಡುಗರು ಸೇರುವ ಹೊತ್ತಿಗೆ ನಾನು ಗುಬ್ಬಿ ದಾಟಿರುತ್ತಿದ್ದೆ. ನಾಟಕದ ತಾಲೀಮು, ಸಂವಾದ, ಕವಿಗೋಷ್ಠಿ ಎಲ್ಲವೂ ಸಂಜೆಯೇ. ನನ್ನ ಮೊದಲ ಕವಿತೆಯನ್ನು ನನ್ನ ಪರವಾಗಿ ಹಾಸ್ಟೆಲಿನ ಗೆಳೆಯ ಓದಿದ. ಚೆನ್ನಾಗಿ ಓದಿದನಂತೆ.

ಸರ್ಕಾರದ ಭಾಷೆಯಲ್ಲಿ ನಮ್ಮಂಥವರಿಗೆ 'ಡೇ ಸ್ಕಾಲರ್' ಅಂತ ಹೆಸರು. ಹಗಲು ವಿದ್ಯಾರ್ಥಿ! ಕತ್ತಲಲ್ಲಿ ಮನೆ ಬಿಟ್ಟು ಕತ್ತಲಲ್ಲಿ ಮನೆ ಸೇರುವವನು. ಪರಿಶಿಷ್ಟ ಜಾತಿಯ ಮಕ್ಕಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಶುರುವಾದದ್ದು 1944ರಲ್ಲಿ, ಬಾಬಾಸಾಹೇಬರು ವೈಸರಾಯ್ ಕೌನ್ಸಿಲಿನಲ್ಲಿ ಇದ್ದ ಕಾಲ. ಕೇಂದ್ರ ಸರ್ಕಾರ 2021ರಲ್ಲಿ ಅದರ ದರ ಪರಿಷ್ಕರಿಸಿತು. ಸಾಮಾನ್ಯ ಡಿಗ್ರಿಗೆ ಹಾಸ್ಟೆಲಿನವನಿಗೆ ವರ್ಷಕ್ಕೆ 6,000 ರೂಪಾಯಿ, ಹೋಗಿ ಬರುವವನಿಗೆ 3,000. ಮನೆಯಲ್ಲಿ ಉಣ್ಣುವವನಿಗೆ ಖರ್ಚು ಕಮ್ಮಿ ಅನ್ನುವುದು ಇದರ ಹಿಂದಿನ ತರ್ಕ. ರಸ್ತೆಯಲ್ಲಿ ಹೋದ ಗಂಟೆಗೆ, ಕ್ರಾಸಿನ ಟೀ ಬನ್ನಿಗೆ, ಕೊನೆ ಬಸ್ಸು ತಪ್ಪಿದ ರಾತ್ರಿ ಹಿಡಿದ ಆಟೋಗೆ ಆ ತರ್ಕದಲ್ಲಿ ಜಾಗವಿಲ್ಲ.

ಹೆಣ್ಣುಮಕ್ಕಳ ಕಥೆ ಬೇರೆಯೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಹಣ ಇಲ್ಲ. ಇದನ್ನು ಬಿಟ್ಟಿ ಭಾಗ್ಯ ಅಂತ ಆಡಿಕೊಳ್ಳುವವರನ್ನು ನಾನು ಕ್ರಾಸಿಗೆ ಕರೆಯುತ್ತೇನೆ. ಹಿಂದೆ ಪಿಯುಸಿಗೆ ನಿಲ್ಲಿಸುತ್ತಿದ್ದ ಮನೆಗಳ ಹುಡುಗಿಯರು ಈಗ ಬ್ಯಾಗು ಹಾಕಿಕೊಂಡು ಬಂದು ನಿಲ್ಲುತ್ತಾರೆ. "ಕಾಸಿಲ್ಲ ಸುಮ್ನಿರು" ಅನ್ನುತ್ತಿದ್ದ ಅಪ್ಪಂದಿರ ಬಾಯಿಗೆ ಬೀಗ ಬಿತ್ತು. ಆದರೆ ಕತ್ತಲಿಗೆ ಬೀಗ ಬೀಳಲಿಲ್ಲ. ಖಾಸಗಿ ಬಸ್ಸಿಗೆ ಶಕ್ತಿ ಇಲ್ಲ, ನಮ್ಮ ಜಿಲ್ಲೆಯ ಎಷ್ಟೋ ಹಳ್ಳಿ ರಸ್ತೆಯಲ್ಲಿ ಓಡುವುದು ಖಾಸಗಿ ಬಸ್ಸು. 2022ರ ಮಾರ್ಚ್ 19ರಂದು ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ, ವೈ.ಎನ್. ಹೊಸಕೋಟೆಯಿಂದ ಪಾವಗಡಕ್ಕೆ ಬರುತ್ತಿದ್ದ ಕಿಕ್ಕಿರಿದ ಖಾಸಗಿ ಬಸ್ಸು ಉರುಳಿ ಬಿತ್ತು. ಸತ್ತವರಲ್ಲಿ ಕಾಲೇಜಿಗೆ ಹೊರಟ ಮಕ್ಕಳು ಇದ್ದರು. ಅವ್ವ ಬಸ್ಸಿನ ಹೊತ್ತು ಕೇಳುವಾಗ ಅವಳ ಕಣ್ಣ ಮುಂದೆ ಆ ಬಸ್ಸೂ ಇರುತ್ತದೆ. ಟಿ.ವಿ.ಯಲ್ಲಿ ನೋಡಿದ್ದಾಳೆ.

ಇಷ್ಟರ ಮೇಲೆ ತುಮಕೂರು ವಿಶ್ವವಿದ್ಯಾಲಯಕ್ಕೆ ಪಟ್ಟಣದ ಹೊರಗೆ ಬಿದರಕಟ್ಟೆಯಲ್ಲಿ ಜ್ಞಾನಸಿರಿ ಅನ್ನುವ ಹೊಸ ಆವರಣ ಆಗಿದೆ. ಜಾಗ ವಿಶಾಲವಾಗಿದೆ, ಬೇಕಾದದ್ದೇ. ಆದರೆ ತುಮಕೂರಿನಲ್ಲಿ ಇಳಿದವರು ಮತ್ತೊಂದು ಬಸ್ಸು ಹಿಡಿಯಬೇಕು. ನಮ್ಮ ವಿಶ್ವವಿದ್ಯಾಲಯಗಳ ಚರಿತ್ರೆ ಹೀಗೇ ನಡೆದಿದೆ. ಬೆಂಗಳೂರಿನವರು ಊರ ನಡುವಿನ ಸೆಂಟ್ರಲ್ ಕಾಲೇಜಿನಿಂದ ಜ್ಞಾನಭಾರತಿಗೆ ಹೋದರು. ಕುವೆಂಪು ವಿಶ್ವವಿದ್ಯಾಲಯ 1987ರಲ್ಲಿ ಶಿವಮೊಗ್ಗ ಪಟ್ಟಣ ಬಿಟ್ಟು ಶಂಕರಘಟ್ಟದಲ್ಲಿ ಎದ್ದಿತು. ಸಿರಿ, ಭಾರತಿ ಅಂತ ಹೆಸರು ಇಡುವವರು ಅಲ್ಲಿಗೆ ಮೊದಲ ಬಸ್ಸು ಎಷ್ಟಕ್ಕೆ ಅಂತ ಒಂದು ಫಲಕವನ್ನೂ ಇಟ್ಟರೆ ಒಳ್ಳೆಯದು. ತಿಪಟೂರಿನ ಆ ಕಡೆಯವರಿಗೆ ಹಾಸನ ಇದೆಯಲ್ಲ ಅನ್ನಬಹುದು. ಹಾಸನಕ್ಕೆ ಹೊಸ ವಿಶ್ವವಿದ್ಯಾಲಯ ಕೊಟ್ಟು ಎರಡು ವರ್ಷ ಆಗಿತ್ತೋ ಇಲ್ಲವೋ, 2025ರ ಫೆಬ್ರವರಿಯಲ್ಲಿ ಸಂಪುಟದ ಉಪಸಮಿತಿ ಹೊಸ ಒಂಬತ್ತು ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು, ಹಾಸನದ್ದೂ ಅದರಲ್ಲಿತ್ತು. ಹಣ ಇಲ್ಲ, ಮಕ್ಕಳು ಕಮ್ಮಿ ಅಂತ ಕಾರಣ. ಅಂಥ ಕಡೆ ನಮ್ಮ ಹುಡುಗಿಯನ್ನು ಯಾವ ಧೈರ್ಯದಲ್ಲಿ ಸೇರಿಸುವುದು?

ಹಳ್ಳಿಯ ಮೇಷ್ಟರುಗಳು ಈ ಪತ್ರಿಕೆ ಓದುತ್ತೀರಿ, ನಿಮಗೆ ಒಂದು ಮಾತು. ನಿಮ್ಮ ಶಿಷ್ಯರು ಮುಂದಿನ ಓದಿಗೆ ಅರ್ಜಿ ಹಾಕುವ ದಿನವೇ ಹಾಸ್ಟೆಲಿನ ಅರ್ಜಿಯನ್ನೂ ಕೈಗೆ ಕೊಡಿ. ಬಸ್ಸಿನಲ್ಲಿ ನೋಡೋಣ, ಆಗದಿದ್ದರೆ ಹಾಸ್ಟೆಲ್ ಅಂದುಕೊಂಡವರು ಅಕ್ಟೋಬರಿನಲ್ಲಿ ಹೋಗಿ ಕೇಳಿದರೆ ಸೀಟು ಇರುವುದಿಲ್ಲ. ಬಸ್ಸೇ ಗತಿ ಅನ್ನುವವರಿಗೆ ಒಂದು ವಾರ ಆ ದಾರಿಯಲ್ಲಿ ಹೋಗಿ ಬರಲು ಹೇಳಿ, ಆಮೇಲೆ ಫೀಜು ಕಟ್ಟಲಿ. ಸಂಘಟನೆಯ ಗೆಳೆಯರು ಹಾಸ್ಟೆಲ್ ಸೀಟಿಗೆ ಹೋರಾಡುತ್ತೀರಿ, ಸರಿಯೇ. ಕ್ರಾಸಿನಿಂದ ಹಳ್ಳಿಗೆ ಹೋಗುವ ಕೊನೆ ಬಸ್ಸನ್ನು ಏಳರಿಂದ ಒಂಬತ್ತಕ್ಕೆ ಹಾಕಿಸಲು ಯಾರಾದರೂ ಡಿಪೋ ಮುಂದೆ ಕೂತದ್ದನ್ನು ನಾನು ನಮ್ಮ ಕಡೆ ಕಂಡಿಲ್ಲ. ಸಭೆಗಳನ್ನು ಸಂಜೆ ಆರಕ್ಕೆ ಇಟ್ಟು ಹಳ್ಳಿ ಹುಡುಗರು ಬರುವುದಿಲ್ಲ ಅಂತ ಕೊರಗುವುದನ್ನು ಬಹಳ ಸಲ ಕಂಡಿದ್ದೇನೆ.

ತಂಗಿಯ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಮೂರು ದಿನ ಮಾತು ನಡೆಯಿತು. ಹತ್ತಿರದಲ್ಲೇ ಬಿ.ಎಡ್. ಮಾಡಿಕೊಳ್ಳಲಿ ಅಂತ ಅಪ್ಪ. ಹಾಸ್ಟೆಲಿಗೆ ಹೋಗಲಿ ಅಂತ ಚಿಕ್ಕಪ್ಪ. ಹಾಸ್ಟೆಲ್ ಅಂದರೆ ಅವ್ವನಿಗೆ ಹೆದರಿಕೆ, ಬಸ್ಸು ಅಂದರೂ ಹೆದರಿಕೆ. ನಾನು ತಂಗಿಯನ್ನು ಕರೆದುಕೊಂಡು ಒಂದು ಸೋಮವಾರ ಆರರ ಬಸ್ಸು ಹತ್ತಿದೆ. ಮನೆಯಿಂದ ಬಿಟ್ಟ ಹೊತ್ತು, ಕ್ರಾಸಿನಲ್ಲಿ ಕಾದ ಹೊತ್ತು, ತುಮಕೂರು, ಅಲ್ಲಿಂದ ಬಿದರಕಟ್ಟೆ, ವಾಪಸ್ಸು, ಎಲ್ಲವನ್ನೂ ಅವಳು ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡಳು. ರಾತ್ರಿ ಎಂಟೂ ಇಪ್ಪತ್ತಕ್ಕೆ ಮನೆ ಸೇರಿ, ಕೂಡಿಸಿ, ಅವ್ವನಿಗೆ ಓದಿ ಹೇಳಿದಳು: ಆರು ಗಂಟೆ ನಲವತ್ತು ನಿಮಿಷ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟೊತ್ನಲ್ಲಿ ನಾನು ಒಂದಾಳಿನ ಕೂಲಿ ಮಾಡ್ತೀನಲ್ಲೇ" ಅಂದಳು.

ಮಾರನೆಯ ದಿನ ತಂಗಿ ಎಂ.ಎಸ್ಸಿ.ಗೂ ಹಾಸ್ಟೆಲಿಗೂ ಒಟ್ಟಿಗೆ ಅರ್ಜಿ ಹಾಕಿದಳು. ಅಪ್ಪ ಬ್ಯಾಡ ಅನ್ನಲಿಲ್ಲ. ಭಾನುವಾರ ಸುಲಿಯುವುದಕ್ಕೆ ನಾನು ಬರುತ್ತೇನೆ ಅಂತ ಹೇಳಿದ್ದೇನೆ. ಹಾಸ್ಟೆಲಿನ ಪಟ್ಟಿ ಇನ್ನೂ ಹಾಕಿಲ್ಲ. ಅವ್ವ ಒಂದು ಹಳೆ ಜಮಖಾನೆ ಒಗೆದು ಬೇಲಿ ಮೇಲೆ ಒಣಗಲು ಹಾಕಿದ್ದಾಳೆ.